ಹಾಸುಗಲ್ಲಿನ ಏಷ್ಯಾ: ಸ್ಕೇಟ್‌ಬೋರ್ಡ್ ಚಿತ್ರತಂಡದೊಂದಿಗೆ ಕಂಡದ್ದು

ಸ್ಕೇಟ್‌ಬೋರ್ಡ್ ಚಿತ್ರತಂಡವೊಂದು ಹೊಸ ಊರಿಗೆ ಬಂದಿಳಿದಾಗ ಅದರ ಕಣ್ಣು ಮೊದಲು ಹೋಗುವುದು ನೆಲದ ಕಡೆಗೆ. ಎದುರಿಗೆ ಅರಮನೆಯೇ ಇರಲಿ, ಸ್ಮಾರಕವೇ ಇರಲಿ, ನೋಟ ಅದರ ಮುಂದಿನ ಅಂಗಳಕ್ಕೆ ಇಳಿದು, ಹಾಸುಗಲ್ಲುಗಳ ನಡುವಿನ ಸಂದು ಎಷ್ಟು ಅಗಲವಿದೆ, ಕಟ್ಟೆಯ ಅಂಚು ಕಲ್ಲಿನದೋ ಸಿಮೆಂಟಿನದೋ, ಮೆಟ್ಟಿಲ ಮೇಲಿಂದ ಹಾರಿದವನು ಕೆಳಗೆ ಉರುಳಿಕೊಂಡು ಹೋಗಲು ಜಾಗವಿದೆಯೋ ಇಲ್ಲವೋ ಎಂದು ಅಳೆಯತೊಡಗುತ್ತದೆ. ಇಂಥ ತಂಡಗಳಲ್ಲಿ ಎರಡನೆಯ ಕ್ಯಾಮೆರಾ ಹಿಡಿದು ಏಷ್ಯಾದ ಹಲವು ನಗರಗಳನ್ನು ಸುತ್ತಿದ ನಾನು ಇಂದು ಮಾತನಾಡಬೇಕೆಂದಿರುವುದು ಆ ಚಿತ್ರಗಳ ಸಂಕಲನದ ಮೇಜಿನಲ್ಲಿ ಕತ್ತರಿಸಿ ಹೋಗುವ ಭಾಗದ ಬಗ್ಗೆ: ಗಂಟೆಗಟ್ಟಲೆ ಕಾಯುವುದು, ಕಾವಲುಗಾರರು, ಆ ಅಂಗಳವನ್ನು ದಿನವೂ ಬಳಸುವ ಜನ, ನಮ್ಮನ್ನು ಅಲ್ಲಿಗೆ ಕರೆದೊಯ್ದ ಸ್ಥಳೀಯ ಹುಡುಗರು. ಏಷ್ಯಾದ ಬಗ್ಗೆ ಆ ಚಿತ್ರಗಳು ಹೇಳಬಹುದಾಗಿದ್ದ ಮಾತುಗಳಲ್ಲಿ ಹೆಚ್ಚಿನವು ಆ ಭಾಗದಲ್ಲೇ ಇದ್ದವು ಎಂಬುದು ನನ್ನ ಅನಿಸಿಕೆ.

ನೆಲಕ್ಕೆ ಇಷ್ಟು ಮಹತ್ವ ಏಕೆ ಎಂದು ಮೊದಲು ಹೇಳಿಬಿಡುತ್ತೇನೆ. ಬೀದಿಯಲ್ಲಿ ಆಡುವ ಸ್ಕೇಟ್‌ಬೋರ್ಡಿನ ಚಕ್ರಗಳ ವ್ಯಾಸ ಸಾಮಾನ್ಯವಾಗಿ 50ರಿಂದ 54 ಮಿಲಿಮೀಟರ್. ಗಟ್ಟಿಯಾದ ಪಾಲಿಯುರೆಥೇನಿನಿಂದ ಮಾಡಿದ ಅವಕ್ಕೆ ಒರಟು ನೆಲವನ್ನು ಸಹಿಸುವ ಗುಣವಿಲ್ಲ. ಕಡಲೆಕಾಳಿನಷ್ಟು ಕಲ್ಲು ಚಕ್ರಕ್ಕೆ ಅಡ್ಡ ಸಿಕ್ಕಿದರೂ ಬೋರ್ಡು ಅಲ್ಲಿಯೇ ನಿಲ್ಲುತ್ತದೆ, ಮೇಲಿದ್ದವನು ನಿಲ್ಲುವುದಿಲ್ಲ. ಕಟ್ಟೆಯ ಅಂಚಿನ ಮೇಲೆ ಬೋರ್ಡಿನ ಲೋಹದ ಅಚ್ಚನ್ನು ಉಜ್ಜಿಕೊಂಡು ಸಾಗುವ ಆಟಕ್ಕೆ ಗ್ರೈಂಡ್ ಎನ್ನುತ್ತಾರೆ. ಸಿಮೆಂಟಿನ ಅಂಚು ಅದಕ್ಕೆ ಬೇಗ ಉದುರಿಹೋಗುತ್ತದೆ. ಗ್ರಾನೈಟ್ ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ಹಾಗಾಗಿ ನುಣುಪಾದ ಗ್ರಾನೈಟ್ ಹಾಸು, ಮೊಳಕಾಲೆತ್ತರದ ಕಲ್ಲುಕಟ್ಟೆ, ಅದರ ಹಿಂದೆ ಓಡಿಬರಲು ಮೂವತ್ತು ನಲವತ್ತು ಹೆಜ್ಜೆ ಜಾಗ, ಇವು ಮೂರೂ ಒಂದೇ ಕಡೆ ಸಿಕ್ಕರೆ ತಂಡದವರು ಅದನ್ನು ಸ್ಪಾಟ್ ಎಂದು ಗುರುತು ಹಾಕಿಕೊಳ್ಳುತ್ತಾರೆ.

ಅಮೆರಿಕ, ಯುರೋಪುಗಳಲ್ಲಿ ಇಂಥ ಸ್ಪಾಟುಗಳಿಗೆ ಕೊರತೆಯಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಎಂಬಾರ್ಕಡೆರೊ, ಫಿಲಡೆಲ್ಫಿಯಾದ ಲವ್ ಪಾರ್ಕ್, 1995ರಲ್ಲಿ ತೆರೆದ ಬಾರ್ಸಿಲೋನಾದ ಸಮಕಾಲೀನ ಕಲಾ ವಸ್ತುಸಂಗ್ರಹಾಲಯದ ಮುಂದಿನ ಅಂಗಳ, ಇವು ಸ್ಕೇಟರ್‌ಗಳ ಪಾಲಿಗೆ ಯಾತ್ರಾಸ್ಥಳಗಳೇ ಆಗಿದ್ದವು. ಆದರೆ ಈ ಲೋಕದಲ್ಲಿ ಬರೆದಿಡದ ಒಂದು ಕಟ್ಟುಪಾಡಿದೆ: ಒಂದು ಸ್ಪಾಟಿನಲ್ಲಿ ಒಮ್ಮೆ ಚಿತ್ರೀಕರಣವಾದ ವರಸೆಯನ್ನು ಅಲ್ಲಿಯೇ ಇನ್ನೊಬ್ಬ ಮಾಡಿ ತೋರಿಸಿದರೆ ಅದಕ್ಕೆ ಬೆಲೆಯಿಲ್ಲ, ಅದಕ್ಕಿಂತ ಕಷ್ಟದ್ದನ್ನು ಮಾಡಬೇಕು, ಇಲ್ಲವೇ ಬೇರೆ ಜಾಗ ಹುಡುಕಬೇಕು. ಹೆಸರಾದ ಸ್ಪಾಟುಗಳು ಹೀಗೆ ವರ್ಷದಿಂದ ವರ್ಷಕ್ಕೆ ದುಬಾರಿಯಾದವು. ಜೊತೆಗೆ ನಗರಾಡಳಿತಗಳು ಗ್ರೈಂಡ್ ಮಾಡಲಾಗದಂತೆ ಕಟ್ಟೆಯ ಅಂಚುಗಳಿಗೆ ಲೋಹದ ಗುಬಟುಗಳನ್ನು ಬಿಗಿಸಿದವು. ಲವ್ ಪಾರ್ಕನ್ನು 2002ರಲ್ಲಿ ಸ್ಕೇಟರ್‌ಗಳನ್ನು ದೂರವಿಡಲೆಂದೇ ಮಾರ್ಪಡಿಸಿ, 2016ರಲ್ಲಿ ಪೂರ್ತಿ ಒಡೆದು ಹೊಸದಾಗಿ ಕಟ್ಟಲು ತೊಡಗಿದರು. ಬೋರ್ಡು, ಶೂ ಮಾರುವ ಕಂಪನಿಗಳ ಪ್ರಚಾರವೆಲ್ಲ ಈ ಚಿತ್ರಗಳ ಮೇಲೆ ನಿಂತಿದ್ದರಿಂದ ಹೊಸ ನೆಲ ಅವರಿಗೆ ಬೇಕೇಬೇಕಾಗಿತ್ತು, ಮತ್ತು ಹೊಸ ಶತಮಾನದ ಮೊದಲ ದಶಕದಲ್ಲಿ ಲೋಕದ ಬೇರೆಲ್ಲೂ ಕಾಣದ ವೇಗದಲ್ಲಿ ಗ್ರಾನೈಟ್ ಹಾಸುತ್ತಿದ್ದದ್ದು ಚೀನಾ. ಅಲೆಮಾರಿತನದ ಹಂಬಲ, ಪೂರ್ವದ ಸೆಳೆತ ಎಂದೆಲ್ಲ ಆ ಚಿತ್ರಗಳ ಹಿನ್ನೆಲೆಯ ಧ್ವನಿ ಹೇಳುತ್ತದೆಯಾದರೂ ತಂಡಗಳನ್ನು ಏಷ್ಯಾಕ್ಕೆ ಕರೆತಂದದ್ದು ಮುಖ್ಯವಾಗಿ ಕಲ್ಲು.

ಶೆನ್‌ಝೆನ್ ಈ ಕತೆಯ ನಡುಮನೆ. 1980ರಲ್ಲಿ ಚೀನಾ ಸರಕಾರ ಹಾಂಗ್‌ಕಾಂಗಿನ ಗಡಿಗೆ ತಾಗಿದ್ದ ಈ ಪ್ರದೇಶವನ್ನು ವಿಶೇಷ ಆರ್ಥಿಕ ವಲಯವೆಂದು ಘೋಷಿಸಿತು. 2020ರ ಜನಗಣತಿಯ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಸುಮಾರು 1 ಕೋಟಿ 75 ಲಕ್ಷಕ್ಕೆ ಮುಟ್ಟಿತ್ತು. ನಲವತ್ತು ವರ್ಷಗಳಲ್ಲಿ ಒಂದಿಡೀ ಮಹಾನಗರವನ್ನು ಎಬ್ಬಿಸುವಾಗ ಪ್ರತಿ ಕಚೇರಿ, ಪ್ರತಿ ಬ್ಯಾಂಕು, ಪ್ರತಿ ವಸತಿ ಸಮುಚ್ಚಯದ ಮುಂದೆಯೂ ಒಂದು ಅಂಗಳ, ಆ ಅಂಗಳಕ್ಕೆ ಒಂದಿಷ್ಟು ಕಟ್ಟೆ, ಇಳಿಜಾರು, ಮೆಟ್ಟಿಲು ಬಂದವು. ಫೂಜಿಯಾನ್ ಪ್ರಾಂತ್ಯದ ಕಲ್ಲಿನ ಉದ್ಯಮ ಬಹಳ ದೊಡ್ಡದಾದ್ದರಿಂದ ಗ್ರಾನೈಟಿಗೂ ಅಮೃತಶಿಲೆಗೂ ಬರವಿರಲಿಲ್ಲ. ಬೇರೆ ದೇಶಗಳಲ್ಲಿ ದಿನಕ್ಕೊಂದು ಒಳ್ಳೆಯ ಸ್ಪಾಟ್ ಸಿಕ್ಕರೆ ಸಂತೋಷಪಡುವ ತಂಡಕ್ಕೆ ಇಲ್ಲಿ ಒಂದೇ ಬೀದಿಯಲ್ಲಿ ನಡೆದರೆ ಸಂಜೆಯವರೆಗಿನ ಕೆಲಸ ಸಿಗುತ್ತಿತ್ತು.

ಅಂಥ ಒಂದು ಅಂಗಳದಲ್ಲಿ ಚಿತ್ರೀಕರಣ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಕ್ಯಾಮೆರಾದವನು ತಾನೂ ಒಂದು ಸ್ಕೇಟ್‌ಬೋರ್ಡಿನ ಮೇಲೆ ನಿಂತು, ಕ್ಯಾಮೆರಾವನ್ನು ಮೇಲಿನ ಹಿಡಿಕೆಯಿಂದ ಹಿಡಿದು ನೆಲದಿಂದ ಒಂದು ಗೇಣು ಎತ್ತರದಲ್ಲಿ ತೂಗಿಸಿಕೊಂಡು, ಸ್ಕೇಟರ್‌ನ ಪಕ್ಕಪಕ್ಕದಲ್ಲೇ ಉರುಳುತ್ತಾನೆ. ಸದ್ದು ಕಡಿಮೆಯಾಗಲೆಂದು ಅವನ ಬೋರ್ಡಿನ ಚಕ್ರಗಳು ದೊಡ್ಡವೂ ಮೆದುವೂ ಆಗಿರುತ್ತವೆ. ಸ್ಕೇಟರ್‌ನ ಗಟ್ಟಿ ಚಕ್ರಗಳು ಕಲ್ಲಿನ ಸಂದುಗಳನ್ನು ದಾಟುವ ಟಕ್ ಟಕ್ ಸದ್ದು ಮಾತ್ರ ಮೈಕಿಗೆ ಬೀಳಬೇಕು. ಸೋನಿ ಕಂಪನಿ 1995ರಲ್ಲಿ ತಂದ ವಿಎಕ್ಸ್1000 ಎಂಬ ಡಿಜಿಟಲ್ ಟೇಪ್ ಕ್ಯಾಮೆರಾವನ್ನು ಈಗಲೂ ಕೆಲವು ತಂಡಗಳು ಬಿಟ್ಟಿಲ್ಲ, ಮತ್ತು ಅದಕ್ಕೆ ಹಳೆಯದರ ಮೇಲಿನ ಮೋಹವೊಂದೇ ಕಾರಣವಲ್ಲ. ಅದರ ಮೈಕು ಚಕ್ರದ ಸದ್ದನ್ನು ಹಿಡಿಯುವ ರೀತಿ, ಹಿಡಿಕೆಯ ತೂಕ, ಫಿಶ್‌ಐ ಲೆನ್ಸ್ ಹಾಕಿದಾಗ ಚೌಕದ ಮೂಲೆಗಳು ಕಪ್ಪಾಗಿ ಬಾಗುವ ಬಗೆ, ಇವೆಲ್ಲ ಸೇರಿ ಆ ಕಾಲದ ಸ್ಕೇಟ್ ಚಿತ್ರಗಳ ಚಹರೆಯನ್ನೇ ರೂಪಿಸಿದವು. ಫಿಶ್‌ಐ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಮೂರು ಮೆಟ್ಟಿಲು ಆರರಂತೆ ಕಾಣುತ್ತವೆ, ಸುತ್ತ ನಿಂತ ಜನ ಮಾಯವಾಗುತ್ತಾರೆ.

ನನ್ನ ಕೆಲಸ ಲಾಂಗ್ ಲೆನ್ಸಿನದು. ಮೂರುಕಾಲಿನ ಸ್ಟ್ಯಾಂಡ್ ಹಾಕಿಕೊಂಡು ಬೀದಿಯ ಆಚೆ ಬದಿಯಲ್ಲಿ ನಿಂತು ಇಡೀ ಚಲನೆಯನ್ನು ದೂರದಿಂದ ಹಿಡಿಯುವುದು. ಆದ್ದರಿಂದಲೇ ಫಿಶ್‌ಐ ಅಳಿಸಿಹಾಕುವುದೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು, ಕಾವಲುಗಾರ ಬರುತ್ತಿರುವುದು ಕೂಡ ಎಲ್ಲರಿಗಿಂತ ಮೊದಲು ನನಗೇ ಕಾಣುತ್ತಿತ್ತು. ಶೆನ್‌ಝೆನ್‌ನ ಒಂದು ಕಚೇರಿ ಕಟ್ಟಡದ ಮುಂದೆ ಸಂಜೆ ಹೊತ್ತು ನಮ್ಮವನೊಬ್ಬ ಉದ್ದನೆಯ ಕಟ್ಟೆಯ ಮೇಲೆ ಗ್ರೈಂಡ್ ಮಾಡಿ, ಕೊನೆಯಲ್ಲಿ ಬೋರ್ಡನ್ನು ಕಾಲಡಿಯಲ್ಲಿ ತಿರುಗಿಸಿ ಇಳಿಯುವ ವರಸೆಗೆ ಕೂತಿದ್ದ. ಬೋರ್ಡು ಸಲೀಸಾಗಿ ಜಾರಲೆಂದು ಅಂಚಿಗೆ ಮೇಣ ಹಚ್ಚಿದ್ದಾಗಿತ್ತು. ಓಡಿಬರುವ ದಾರಿಯನ್ನು ಇಬ್ಬರು ಪೊರಕೆ ಹಿಡಿದು ಗುಡಿಸಿದ್ದರು. ಸಮವಸ್ತ್ರ ತೊಟ್ಟ ವಯಸ್ಸಾದ ಕಾವಲುಗಾರರೊಬ್ಬರು ನಿಧಾನವಾಗಿ ನಡೆದು ಬಂದು, ಕೈಬೀಸಿ ಹೋಗಿ ಎಂದರು. ನಮ್ಮ ಜೊತೆಗಿದ್ದ ಸ್ಥಳೀಯ ಹುಡುಗ ಅವರನ್ನು ಚಿಕ್ಕಪ್ಪನೆಂದು ಕರೆದು, ಸಿಗರೇಟು ಕೊಟ್ಟು, ಇನ್ನೊಂದೇ ಒಂದು ಸಲ ಎಂದು ಕೇಳಿದ. ಅವರು ಸಿಗರೇಟನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹತ್ತು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತರು. ಒಂದು ಸಲ ಎಂದದ್ದು ಹತ್ತಾರು ಸಲವಾಯಿತು. ಪ್ರತಿ ಬಾರಿ ಬೋರ್ಡು ಕಲ್ಲಿಗೆ ಬಡಿದಾಗಲೂ ಅವರ ಹೆಗಲು ಸ್ವಲ್ಪ ಕುಗ್ಗುತ್ತಿತ್ತೇ ಹೊರತು ಅವರು ತಿರುಗಿ ನೋಡಲಿಲ್ಲ. ನೋಡಿದರೆ ತಡೆಯಬೇಕಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಷ್ಟರಲ್ಲಿ ಹೊತ್ತು ಮುಳುಗಿ, ಗಾಲಿಯಿರುವ ಸ್ಪೀಕರನ್ನು ಎಳೆದುಕೊಂಡು ಹೆಂಗಸರ ಗುಂಪೊಂದು ಬಂದು ಅದೇ ಅಂಗಳದಲ್ಲಿ ಸಾಲಾಗಿ ನಿಂತಿತು. ಚೀನಾದ ಊರೂರುಗಳಲ್ಲಿ ನಡುವಯಸ್ಸು ದಾಟಿದವರು ಸಂಜೆ ಚೌಕಗಳಲ್ಲಿ ಸೇರಿ ಮಾಡುವ ಸಾಮೂಹಿಕ ನೃತ್ಯ ಅದು. ಕಾವಲುಗಾರರು ಈಗ ನಮ್ಮ ಕಡೆ ತಿರುಗಿ, ಮೊದಲಿಗಿಂತ ಗಟ್ಟಿಯಾಗಿ ಕೈಬೀಸಿದರು. ಆ ಅಂಗಳದ ಮೇಲೆ ಯಾರ ಹಕ್ಕು ಯಾವ ಹೊತ್ತಿಗೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ, ಆದರೆ ಹೆಂಗಸರಿಗೆ, ಕಾವಲುಗಾರರಿಗೆ, ನಮ್ಮ ಸ್ಥಳೀಯ ಗೆಳೆಯನಿಗೆ ಅದು ನಿಚ್ಚಳವಾಗಿ ತಿಳಿದಿತ್ತು.

ಸಿದ್ಧವಾದ ಚಿತ್ರದಲ್ಲಿ ಇದರ ಪೈಕಿ ಉಳಿದದ್ದು ಕೆಲವೇ ಸೆಕೆಂಡುಗಳ ಗ್ರೈಂಡ್. ಕಾವಲುಗಾರರು ಚಿತ್ರದೊಳಗೆ ಬರುವುದಿದ್ದರೆ ಅದು ಕೂಗಾಡುವಾಗ, ಬೋರ್ಡು ಕಿತ್ತುಕೊಳ್ಳುವಾಗ ಮಾತ್ರ. ಬೆನ್ನು ತಿರುಗಿಸಿ ನಿಂತ ಕಾವಲುಗಾರನಿಂದ ಸಂಕಲನಕಾರನಿಗೆ ಉಪಯೋಗವಿಲ್ಲ. ಒಳಮಂಗೋಲಿಯಾದ ಓರ್ಡೋಸ್ ನಗರದ ಕಾಂಗ್‌ಬಾಶಿ ಬಡಾವಣೆಯಲ್ಲಿ ಇದು ಇನ್ನಷ್ಟು ಅತಿಗೆ ಹೋಯಿತು. ಕಲ್ಲಿದ್ದಲಿನ ಹಣದಿಂದ ಕಟ್ಟಿದ ಆ ಬಡಾವಣೆಯ ವಿಶಾಲ ಚೌಕಗಳು ಆರಂಭದ ವರ್ಷಗಳಲ್ಲಿ ಬಿಕೋ ಎನ್ನುತ್ತಿದ್ದವು. ತಂಡಗಳು ಹೋಗಿ ಭೂತನಗರದಲ್ಲಿ ಸ್ಕೇಟಿಂಗ್ ಎಂದು ತೋರಿಸಿದವು. ಆಮೇಲೆ ಶಾಲೆಗಳನ್ನು ಅಲ್ಲಿಗೆ ಸಾಗಿಸಿದ್ದರಿಂದ ಅವುಗಳ ಹಿಂದೆ ಕುಟುಂಬಗಳೂ ಬಂದವು. ಆ ಬದಲಾವಣೆಯನ್ನು ಹಿಡಿಯಲು ಯಾವ ಸ್ಕೇಟ್ ತಂಡವೂ ಅವಸರ ಮಾಡಿದಂತೆ ಕಾಣೆ. ಖಾಲಿ ಚೌಕದ ಮೇಲೆ ನಮ್ಮ ಕಸುಬಿಗೆ ಇರುವ ಮೋಹ ನನಗೆ ಯಾವತ್ತೂ ಹಿಡಿಸಿಲ್ಲ.

ಚೀನಾದಿಂದ ಪಶ್ಚಿಮಕ್ಕೆ, ಮಧ್ಯ ಏಷ್ಯಾದ ಕಡೆಗೆ ಹೋದರೆ ಕಲ್ಲಿನ ಚರಿತ್ರೆಯೇ ಬೇರೆ. ಉಜ್ಬೆಕಿಸ್ತಾನಕ್ಕೆ ಹೋಗುವ ಪ್ರವಾಸಿಗಳು ಸಮರ್ಕಂದ, ಬುಖಾರಾಗಳ ನೀಲಿ ಗುಮ್ಮಟಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಸ್ಕೇಟ್ ತಂಡ ತಾಷ್ಕೆಂಟಿನಲ್ಲೇ ಬೀಡುಬಿಡುತ್ತದೆ. 1966ರ ಏಪ್ರಿಲ್ 26ರ ಮುಂಜಾನೆ ಆದ ಭೂಕಂಪ ಬಹಳ ದೊಡ್ಡದಲ್ಲದಿದ್ದರೂ ಅದರ ಕೇಂದ್ರ ಊರಿನ ಕೆಳಗೇ, ಹೆಚ್ಚು ಆಳವಿಲ್ಲದ ಕಡೆ ಇದ್ದುದರಿಂದ ಹಳೆಯ ಮಣ್ಣಿನ ಮನೆಗಳು ನೆಲಸಮವಾಗಿ ಸುಮಾರು ಮೂರು ಲಕ್ಷ ಜನ ಬೀದಿಗೆ ಬಂದರು. ಸೋವಿಯತ್ ಒಕ್ಕೂಟದ ಎಲ್ಲ ಗಣರಾಜ್ಯಗಳಿಂದ ಕೆಲಸಗಾರರು ಬಂದು ಊರನ್ನು ಮತ್ತೆ ಕಟ್ಟಿದಾಗ ಇಕ್ಕಟ್ಟಾದ ಓಣಿಗಳ ಬದಲು ಅಗಲವಾದ ರಸ್ತೆಗಳು, ಕಾರಂಜಿಗಳು, ಸ್ಮಾರಕಗಳು, ಅವುಗಳ ಸುತ್ತ ಮೆರವಣಿಗೆಗೆ ತಕ್ಕಷ್ಟು ಚೌಕಗಳು ಬಂದವು. ಇಂದು ಅಲ್ಲಿನ ಹುಡುಗರು ಬೋರ್ಡು ಹತ್ತುವ ಜಾಗಗಳಲ್ಲಿ ಹಲವು ಆ ಪುನರ್ನಿರ್ಮಾಣದ ಕಾಲಕ್ಕೆ ಸೇರಿದವು. ಅಲ್ಲಿನ ಮೆಟ್ರೊ 1977ರಲ್ಲಿ ಶುರುವಾಯಿತು, ಮಧ್ಯ ಏಷ್ಯಾದಲ್ಲೇ ಮೊದಲನೆಯದು. ಅದರ ನಿಲ್ದಾಣಗಳ ನುಣುಪು ಕಲ್ಲನ್ನು ಕಂಡು ನಮ್ಮವರು ನಿಟ್ಟುಸಿರು ಬಿಡುತ್ತಿದ್ದರು. ಅಲ್ಲಿ ಸ್ಕೇಟ್ ಮಾಡುವುದಿರಲಿ, 2018ರವರೆಗೆ ಫೋಟೊ ತೆಗೆಯುವುದಕ್ಕೂ ನಿಷೇಧವಿತ್ತು.

ತುರ್ಕ್‌ಮೆನಿಸ್ತಾನದ ರಾಜಧಾನಿ ಅಶ್ಗಾಬಾತ್ ಕೂಡ ಭೂಕಂಪದಲ್ಲಿ, 1948ರಲ್ಲಿ, ಅಳಿದು ಮತ್ತೆ ಎದ್ದ ಊರು. ಆದರೆ ಅದರ ಈಗಿನ ರೂಪ ಸೋವಿಯತ್ ಕಾಲ ಮುಗಿದ ಮೇಲಿನದು. 2013ರಲ್ಲಿ ಗಿನ್ನೆಸ್ ಸಂಸ್ಥೆ ಅಲ್ಲಿನ 543 ಹೊಸ ಕಟ್ಟಡಗಳಿಗೆ 45 ಲಕ್ಷ ಚದರ ಮೀಟರಿಗೂ ಹೆಚ್ಚು ಬಿಳಿ ಅಮೃತಶಿಲೆ ಹೊದಿಸಲಾಗಿದೆ ಎಂದು ದಾಖಲೆಗೆ ಸೇರಿಸಿತು. ಕಾಗದದ ಮೇಲೆ ಇದು ಸ್ಕೇಟರ್‌ಗಳ ಸ್ವರ್ಗ. ವಾಸ್ತವದಲ್ಲಿ ಮೆರುಗು ಕೊಟ್ಟ ಅಮೃತಶಿಲೆಯ ಮೇಲೆ ಮರುಭೂಮಿಯ ಧೂಳು ಕೂತರೆ ಗಟ್ಟಿ ಚಕ್ರಗಳು ಕೀಚು ಸದ್ದು ಮಾಡುತ್ತ ಪಕ್ಕಕ್ಕೆ ಜಾರುತ್ತವೆ. ಆಮಂತ್ರಣ ಪತ್ರವಿಲ್ಲದೆ ಪ್ರವಾಸಿ ವೀಸಾ ಸಿಗುವುದು ವರ್ಷಗಟ್ಟಲೆ ದುಸ್ತರವಾಗಿತ್ತು. ಚೌಕದಲ್ಲಿ ಬೋರ್ಡು ನೆಲಕ್ಕಿಟ್ಟ ಕೆಲವೇ ನಿಮಿಷಗಳಲ್ಲಿ ಯಾರಾದರೂ ಬಂದು ವಿಚಾರಿಸುತ್ತಾರೆ. ನೋಡಲೆಂದು ಕಟ್ಟಿದ ಚೌಕಕ್ಕೂ ಬಳಸಲೆಂದು ಕಟ್ಟಿದ ಚೌಕಕ್ಕೂ ಇರುವ ಅಂತರವನ್ನು ಆ ನಿಮಿಷಗಳ ಲೆಕ್ಕದಲ್ಲಿ ಅಳೆಯಬಹುದು. ಕಟ್ಟೆಯ ಎತ್ತರಕ್ಕಿಂತ ಮೊದಲು ಆ ನಿಮಿಷಗಳನ್ನು ಎಣಿಸುವುದು ತಂಡದ ಮ್ಯಾನೇಜರ್‌ಗೆ ರೂಢಿಯಾಗಿಬಿಟ್ಟಿರುತ್ತದೆ.

ದಾರಿಯ ಕಷ್ಟಗಳನ್ನು ಹೆಚ್ಚು ಬೆಳೆಸುವುದಿಲ್ಲ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಗಡಿಯಲ್ಲಿ ಕ್ಯಾಮೆರಾಗಳ ಪಟ್ಟಿ ಕೇಳಿದಾಗ ತೋರಿಸಲು ಎಟಿಎ ಕಾರ್ನೆ ಎಂಬ ಸುಂಕದ ದಾಖಲೆಯಿದೆ, ಅದನ್ನು ಒಪ್ಪುವ ದೇಶಗಳೂ ಇವೆ, ಒಪ್ಪದವೂ ಇವೆ. ಮಂಗೋಲಿಯಾದಿಂದ ಚೀನಾಕ್ಕೆ ರೈಲಿನಲ್ಲಿ ದಾಟುವಾಗ ಎರೆನ್‌ಹೋಟ್‌ನಲ್ಲಿ ಬೋಗಿಗಳನ್ನು ಒಂದೊಂದಾಗಿ ಮೇಲೆತ್ತಿ ಅಡಿಯ ಗಾಲಿಗಳ ಜೋಡಣೆಯನ್ನೇ ಬದಲಿಸುತ್ತಾರೆ. ಮಂಗೋಲಿಯಾದ ಹಳಿ 1520 ಮಿಲಿಮೀಟರ್ ಅಗಲ, ಚೀನಾದ್ದು 1435. ಪ್ರಯಾಣಿಕರು ಒಳಗೇ ಕೂತಿರುವಾಗ ಗಂಟೆಗಟ್ಟಲೆ ನಡೆಯುವ ಈ ಕೆಲಸವನ್ನು ಸ್ಕೇಟರ್‌ಗಳು ಬಹಳ ಆಸಕ್ತಿಯಿಂದ ನೋಡುತ್ತಾರೆ. ಅಚ್ಚು, ಚಕ್ರ, ಬೇರಿಂಗುಗಳ ವಿಷಯವಲ್ಲವೇ.

ಜಪಾನಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ವಿಶಾಲ ಚೌಕಗಳು ಕಡಿಮೆ, ನೆಲ ಬಹುಪಾಲು ಒರಟು, ಓಡಿಬರುವ ದಾರಿ ಚಿಕ್ಕದು, ಮತ್ತು ಸಂಚಾರ ದಟ್ಟಣೆಯಿರುವ ರಸ್ತೆಗಳಲ್ಲಿ ಚೆಂಡಾಟ, ರೋಲರ್ ಸ್ಕೇಟಿಂಗ್ ಮುಂತಾದವನ್ನು ಅಲ್ಲಿನ ರಸ್ತೆ ಸಂಚಾರ ಕಾನೂನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಟೋಕಿಯೊದಲ್ಲಿ ಬೀದಿ ಸ್ಕೇಟಿಂಗ್ ಚಿತ್ರೀಕರಣವೆಂದರೆ ಬಹುತೇಕ ನಡುರಾತ್ರಿಯ ಕೆಲಸ: ಕೊನೆಯ ರೈಲು ಹೋದ ಮೇಲೆ ಸಣ್ಣ ಎಲ್‌ಇಡಿ ದೀಪಗಳನ್ನು ಹಚ್ಚಿ, ಗುಸುಗುಸು ಮಾತಾಡಿಕೊಂಡು, ನಾಲ್ಕೈದು ಪ್ರಯತ್ನಗಳೊಳಗೆ ಮುಗಿಸಿ ಜಾಗ ಖಾಲಿ ಮಾಡುವುದು. ಕಾವಲುಗಾರ ಕೂಗುವುದಿಲ್ಲ, ಎರಡೂ ತೋಳುಗಳನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು ಬಾಗಿ ನಿಲ್ಲುತ್ತಾನೆ. ಅವನ ಮುಂದೆ ವಾದಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಈ ಇಕ್ಕಟ್ಟಿನಿಂದಲೇ ಅಲ್ಲಿನ ಸ್ಕೇಟರ್‌ಗಳಿಗೆ ಒಂದು ವಿಶಿಷ್ಟ ಶೈಲಿ ದಕ್ಕಿದೆ ಎಂದು ನನಗೆ ಅನಿಸುತ್ತದೆ. ಕಡಿಮೆ ವೇಗದಲ್ಲಿ, ಚಿಕ್ಕ ಜಾಗದಲ್ಲಿ, ಗೋಡೆಯ ಮೂಲೆಯನ್ನೋ ಕಂಬದ ಬುಡವನ್ನೋ ಬಳಸಿಕೊಂಡು ಅವರು ಮಾಡುವುದನ್ನು ಶೆನ್‌ಝೆನ್‌ನ ಅಂಗಳಗಳಲ್ಲಿ ಯಾರೂ ಯೋಚಿಸಬೇಕಾಗಿಯೇ ಬಂದಿಲ್ಲ.

ಇದೇ ಟೋಕಿಯೊದಲ್ಲಿ 2021ರ ಬೇಸಿಗೆಯಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿ ಒಲಿಂಪಿಕ್ಸಿಗೆ ಬಂತು. ಅರಿಯಾಕೆಯ ಅಂಕಣದಲ್ಲಿ ಪುರುಷರ ಸ್ಟ್ರೀಟ್ ವಿಭಾಗದ ಚಿನ್ನ ಯುತೊ ಹೊರಿಗೊಮೆಗೆ, ಮಹಿಳೆಯರದು 13 ವರ್ಷದ ಮೊಮಿಜಿ ನಿಶಿಯಾಗೆ ಹೋಯಿತು. ಅರಿಯಾಕೆ ಇರುವುದು ಕೋತೊ ವಾರ್ಡಿನಲ್ಲಿ. ಹೊರಿಗೊಮೆ ಹುಟ್ಟಿದ್ದು ಅದೇ ವಾರ್ಡಿನಲ್ಲಿ. 2024ರಲ್ಲಿ ಪ್ಯಾರಿಸಿನಲ್ಲೂ ಆತ ಗೆದ್ದ. ಪದಕಗಳ ನಂತರ ಜಪಾನಿನಲ್ಲಿ ಸ್ಕೇಟ್ ಪಾರ್ಕುಗಳು ಹೆಚ್ಚಿದವು. ಚೌಕಗಳಲ್ಲಿನ ನಿಷೇಧದ ಫಲಕಗಳು ಮಾತ್ರ ಇದ್ದಲ್ಲೇ ಇವೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ ಎಂದು ಹೇಳುವವರಿದ್ದಾರೆ. ಬೇಲಿಯೊಳಗಿನ ಕ್ರೀಡೆ ಬೇರೆ, ಬೀದಿಯ ಗದ್ದಲ ಬೇರೆ ಎಂಬುದು ಅವರ ವಾದ. ಆದರೆ ಒಲಿಂಪಿಕ್ಸಿನ ಸ್ಟ್ರೀಟ್ ಅಂಕಣದಲ್ಲಿರುವುದೆಲ್ಲ ಬೀದಿಯ ಕಟ್ಟೆ, ಮೆಟ್ಟಿಲು, ಹಿಡಿಕಂಬಿಗಳ ನಕಲೇ ಆಗಿರುವಾಗ ಈ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಹನೋಯ್‌ನಲ್ಲಿ ಲೆನಿನ್ ಪ್ರತಿಮೆಯ ಮುಂದಿನ ಅಂಗಳಕ್ಕೆ ಸಂಜೆ ಹೋದರೆ ಮೂರನೆಯ ಬಗೆಯೊಂದು ಕಾಣುತ್ತದೆ. ಮಕ್ಕಳು ಆಟಿಕೆ ಕಾರು ಓಡಿಸುತ್ತಿರುತ್ತಾರೆ, ದೊಡ್ಡವರು ವ್ಯಾಯಾಮ ಮಾಡುತ್ತಿರುತ್ತಾರೆ, ಸ್ಕೇಟರ್‌ಗಳು ಅವರೆಲ್ಲರ ನಡುವೆ ದಾರಿ ಮಾಡಿಕೊಳ್ಳುತ್ತಾರೆ. ಚಿತ್ರ ತೆಗೆಯುವವರಿಗೆ ಇದು ತಲೆನೋವು, ಏಕೆಂದರೆ ಪ್ರತಿ ಪ್ರಯತ್ನದಲ್ಲೂ ಚೌಕಟ್ಟಿನೊಳಗೆ ಒಂದು ಮಗು ನುಗ್ಗುತ್ತದೆ. ನನ್ನ ಲಾಂಗ್ ಲೆನ್ಸಿಗೆ ಅದಕ್ಕಿಂತ ಒಳ್ಳೆಯ ಸಂಜೆಗಳು ಸಿಕ್ಕಿಲ್ಲ.

ನುಣುಪು ಕಲ್ಲೇ ಇಲ್ಲದ ಕಡೆಯ ಮಾತನ್ನೂ ಆಡಬೇಕು. 2007ರಲ್ಲಿ ಆಸ್ಟ್ರೇಲಿಯಾದ ಆಲಿವರ್ ಪರ್ಕೊವಿಚ್ ಕಾಬೂಲಿಗೆ ಬೋರ್ಡುಗಳನ್ನು ಒಯ್ದಾಗ ಮಕ್ಕಳು ಮೊದಲು ಉರುಳಿದ್ದು ಸೋವಿಯತ್ ಕಾಲದ ಒಂದು ಬತ್ತಿದ ಕಾರಂಜಿಯ ತೊಟ್ಟಿಯಲ್ಲಿ. ಹೆಣ್ಣುಮಕ್ಕಳು ಸೈಕಲ್ ತುಳಿಯುವುದನ್ನು ಅಲ್ಲಿನ ಸಮಾಜ ಒಪ್ಪುತ್ತಿರಲಿಲ್ಲ. ಸ್ಕೇಟ್‌ಬೋರ್ಡ್ ಯಾರ ವಸ್ತು ಎಂದು ಆಗ ಇನ್ನೂ ಯಾರೂ ತೀರ್ಮಾನಿಸಿರಲಿಲ್ಲವಾದ್ದರಿಂದ ಅವರೂ ಹತ್ತಿದರು. ಮುಂದೆ ಸ್ಕೇಟಿಸ್ತಾನ್ ಎಂಬ ಸಂಸ್ಥೆಯಾಗಿ ಬೆಳೆದ ಈ ಪ್ರಯತ್ನ 2009ರಲ್ಲಿ ಕಾಬೂಲಿನಲ್ಲಿ ಒಳಾಂಗಣ ಪಾರ್ಕು ಮತ್ತು ತರಗತಿಗಳನ್ನು ತೆರೆಯಿತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿದಾಗ ಆ ಕೆಲಸ ನಿಂತಿತು. ಮಧ್ಯಪ್ರದೇಶದ ಪನ್ನಾ ಬಳಿಯ ಜನ್ವಾರ್ ಹಳ್ಳಿಯಲ್ಲಿ 2015ರಲ್ಲಿ ಕಾಂಕ್ರೀಟ್ ಪಾರ್ಕು ಕಟ್ಟಿ, ಶಾಲೆಗೆ ಹೋಗದವರಿಗೆ ಬೋರ್ಡಿಲ್ಲ, ಸರದಿಯಲ್ಲಿ ಹುಡುಗಿಯರು ಮೊದಲು ಎಂಬ ನಿಯಮಗಳನ್ನು ಇಟ್ಟರು. ಇಂಥ ಕಡೆಗೆ ಕ್ಯಾಮೆರಾಗಳು ಸಾಲುಗಟ್ಟಿ ಹೋಗಿವೆ. ಒಳ್ಳೆಯ ಚಿತ್ರಗಳೂ ಬಂದಿವೆ, ಆದರೆ ಬಹಳಷ್ಟರಲ್ಲಿ ಕತೆಯ ಅಚ್ಚು ಒಂದೇ: ಬಡತನದ ನಡುವೆ ನಗುವ ಮಗು, ನಿಧಾನಗತಿಯಲ್ಲಿ ತೋರಿಸಿದ ಬರಿಗಾಲು. ಆ ಮಗು ಎಷ್ಟು ಚೆನ್ನಾಗಿ ಸ್ಕೇಟ್ ಮಾಡುತ್ತದೆ ಎಂದು ನೋಡುಗನಿಗೆ ಕೊನೆಗೂ ತಿಳಿಯುವುದಿಲ್ಲ. ಅಮೆರಿಕದ ಸ್ಕೇಟರ್‌ನನ್ನು ಅವನ ವರಸೆಯಿಂದಲೂ ಹಳ್ಳಿಯ ಹುಡುಗಿಯನ್ನು ಅವಳ ಪರಿಸ್ಥಿತಿಯಿಂದಲೂ ಅಳೆಯುವುದು ನ್ಯಾಯವಲ್ಲ.

2018ರ ಜಕಾರ್ತಾ-ಪಾಲೆಂಬಾಂಗ್ ಏಷ್ಯನ್ ಗೇಮ್ಸಿನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರಿದಾಗ ಮಹಿಳೆಯರ ಸ್ಟ್ರೀಟ್ ಚಿನ್ನ ಗೆದ್ದದ್ದು ಫಿಲಿಪೈನ್ಸಿನ ಸೆಬು ನಗರದ ಮಾರ್ಜಿಲಿನ್ ಡಿಡಾಲ್. ಹಾಂಗ್‌ಝೌನಲ್ಲಿ 2023ರಲ್ಲಿ ಅದೇ ಪದಕ ಚೀನಾದ 13 ವರ್ಷದ ಸುಯ್ ಚೆನ್‌ಶಿಗೆ ಬಂತು. ಬೋರ್ಡಿನ ಮೇಲೆ ನಡೆದ ಈ ಬದಲಾವಣೆ ಕ್ಯಾಮೆರಾದ ಹಿಂದೆಯೂ ನಡೆದಿದೆ. ಒಂದು ಕಾಲದಲ್ಲಿ ಹೊರಗಿನ ತಂಡಗಳಿಗೆ ದಾರಿ ತೋರಿಸುತ್ತಿದ್ದ, ಕಾವಲುಗಾರರೊಂದಿಗೆ ಮಾತಾಡಿ ಸಮಯ ಗಳಿಸಿಕೊಡುತ್ತಿದ್ದ, ಆದರೆ ಚಿತ್ರದ ಕೊನೆಯ ಹೆಸರುಗಳಲ್ಲಿ ಧನ್ಯವಾದಗಳ ಸಾಲಿಗಷ್ಟೇ ಸೇರುತ್ತಿದ್ದ ಹುಡುಗರು ಈಗ ತಮ್ಮದೇ ಚಿತ್ರಗಳನ್ನು ತೆಗೆಯುತ್ತಿದ್ದಾರೆ. ವಾರದ ಮಟ್ಟಿಗೆ ಬಂದು ಹೋಗುವ ತಂಡಕ್ಕೆ ಇಲ್ಲದ ಸೌಕರ್ಯ ಅವರಿಗಿದೆ: ಇಂದು ಓಡಿಸಿದರೆ ಮುಂದಿನ ತಿಂಗಳು ಮತ್ತೆ ಬರಬಹುದು, ಮಳೆಗಾಲ ಮುಗಿಯುವವರೆಗೆ ಕಾಯಬಹುದು, ಯಾವ ಕಾವಲುಗಾರರ ಪಾಳಿ ಯಾವಾಗ ಬದಲಾಗುತ್ತದೆ ಎಂದು ತಿಳಿದಿರಬಹುದು. ಅವರ ಚಿತ್ರಗಳಲ್ಲಿ ನೃತ್ಯದ ಹೆಂಗಸರೂ ಆಟಿಕೆ ಕಾರಿನ ಮಕ್ಕಳೂ ಕತ್ತರಿಗೆ ಸಿಗದೆ ಉಳಿದಿರುವುದನ್ನು ನಾನು ಕಂಡಿದ್ದೇನೆ.

ಹೊರಗಿನ ತಂಡಗಳೇನೂ ನಿಂತುಹೋಗಿಲ್ಲ, ನಾನೂ ಹೋಗುವುದನ್ನು ಬಿಟ್ಟಿಲ್ಲ. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲು ಈಗ ಕೆಲವು ಪ್ರಶ್ನೆಗಳನ್ನು ಕೇಳುತ್ತೇನೆ. ದಾರಿ ತೋರಿಸುವವನಿಗೆ ದಿನಗೂಲಿ ಎಷ್ಟು ಎಂದು ಗೊತ್ತುಮಾಡಿದ್ದೀರಾ? ಅವನೂ ಸ್ಕೇಟರ್ ಆಗಿದ್ದರೆ ಚಿತ್ರದಲ್ಲಿ ಅವನ ಆಟಕ್ಕೂ ಜಾಗವಿದೆಯೇ? ಹಚ್ಚಿದ ಮೇಣವನ್ನು ಹೊರಡುವ ಮುಂಚೆ ಕೆರೆದು ತೆಗೆಯುವವರು ಯಾರು? ಈ ಕೊನೆಯದು ಕ್ಷುಲ್ಲಕವೆಂದು ಕೆಲವರು ನಗುತ್ತಾರೆ. ತಂಡ ವಿಮಾನ ಹತ್ತಿದ ಮರುದಿನ ಆ ಕಪ್ಪಾದ ಅಂಚನ್ನು ನೋಡಿ ಕಟ್ಟಡದವರು ಲೋಹದ ಗುಬಟು ಬಿಗಿಸಿದರೆ, ಜಾಗ ಕಳೆದುಕೊಳ್ಳುವವನು ಆ ಊರಿನಲ್ಲೇ ಇರುವ ಹುಡುಗ.